ಪದಬಂಧದೊಳಗೆ ಎಮ್ಮೆ, ಕೋಣ

ಮುಂಬಯಿಯ ಕನ್ನಡ ಸಂಘಗಳಲ್ಲಿ ಮಕ್ಕಳ ಸ್ಪರ್ಧೆಯೆಂದರೆ ಛದ್ಮವೇಷ, ಭಾಷಣ. ಭಾಷಣವನ್ನು ದೇವನಾಗರಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದರೂ ಬಹುಮಾನ ಸಿಗುತ್ತದೆ. ಪದಬಂಧದಲ್ಲಿ ಅದು ನಡೆಯದು. ಮನೆಗೊಂದು ಕನ್ನಡ ಅಕ್ಷರ ಬೀಳಲೇಬೇಕು.

‘ಹೆಮ್ಮೆ ಹಕಾರ ಕಳಕೊಂಡರೆ ಹಾಲು ಕೊಡುತ್ತದೆ’ ಎಂಬ ಸುಳಿವಿಗೆ ಎರಡೇ ಮನೆ: ಎಮ್ಮೆ. ಒತ್ತಕ್ಷರಕ್ಕೆ ಬೇರೆ ಮನೆಯಿಲ್ಲವೆಂಬುದೂ ಅಲ್ಲೇ ತಿಳಿಯುತ್ತದೆ. ಮರಾಠಿಯೊಡನೆ ಬೆಳೆಯುವ ಮಕ್ಕಳಿಗಂತೂ ತಮಾಷೆ ಇಮ್ಮಡಿ. ‘ಮರಾಠಿಯಲ್ಲಿ ಸೊಂಡಿಲುಳ್ಳದ್ದು, ಕನ್ನಡದಲ್ಲಿ ದೀಪದ ಬತ್ತಿಗೆ ಬೇಕಾದದ್ದು’ ಎಂದರೆ ಹತ್ತಿ. ‘ಅಲ್ಲಿ ಯಾರೆಂದು ಕೇಳುತ್ತದೆ, ಇಲ್ಲಿ ಕೊಂಬು ತೋರಿಸುತ್ತದೆ’ ಎಂದರೆ ಕೋಣ. (ಉತ್ತರ ಹೇಳಲು ಅಪ್ಪಂದಿರೇ ಮುಂದೆ ಬಿದ್ದಾರು!)

ನವೆಂಬರ್ 1ರ ರಾಜ್ಯೋತ್ಸವಕ್ಕೆ ಇಂಥ ಸುಲಭದ ಹಾಳೆಯೊಂದನ್ನು ಸಂಘಗಳು ಮಕ್ಕಳಿಗೆ ಹಂಚಬೇಕು. ಅತಿಥಿಗಳಿಗೆ ಹೊದಿಸುವ ಒಂದು ಶಾಲಿನ ದುಡ್ಡಿನಲ್ಲಿ ಅದರ ಜೆರಾಕ್ಸ್ ಮುಗಿಯುತ್ತದೆ.