ಖಾತಾ ಇದ್ದರೆ ಮನೆ ನಮ್ಮದೇ? ಮನೆ ಕೊಳ್ಳುವ, ಮಾರುವ ಮುಂಚೆ ತಿಳಿದಿರಬೇಕಾದ ಸಂಗತಿಗಳು

“ಖಾತಾ ಹೆಸರಿಗೆ ಆದರೆ ಸಾಕು, ಮನೆ ನಿಮ್ಮದೇ.” “ಇಸಿ ಕ್ಲೀನ್ ಇದ್ದರೆ ಕಣ್ಣು ಮುಚ್ಚಿಕೊಂಡು ಕೊಳ್ಳಬಹುದು.” “ಹನ್ನೆರಡು ವರ್ಷ ಬಾಡಿಗೆಗಿದ್ದವರು ಮಾಲೀಕರಾಗುತ್ತಾರೆ.” ಇಂಥ ಸಂದೇಶಗಳು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇವುಗಳಲ್ಲಿ ಹೆಚ್ಚಿನವು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಆದರೆ ಜೀವಮಾನದ ಉಳಿತಾಯವನ್ನೆಲ್ಲ ಹಾಕಿ ಮನೆ ಕೊಳ್ಳುವವರಿಗೆ ಅರ್ಧ ನಿಜವೇ ಹೆಚ್ಚು ಅಪಾಯಕಾರಿ.

ಈ ಗೊಂದಲಗಳಿಗೆಲ್ಲ ಮೂಲ ಒಂದೇ: ಯಾವುದೋ ಒಂದು ಕಾಗದ ಕೈಗೆ ಬಂದರೆ ಮಾಲೀಕತ್ವ ಸಾಬೀತಾಯಿತು ಎಂಬ ನಂಬಿಕೆ. ನಿಜವಾಗಿ ನಮ್ಮ ದೇಶದಲ್ಲಿ ಅಂಥ ಒಂದೇ ಕಾಗದ ಇಲ್ಲ. ಒಂದೊಂದು ದಾಖಲೆ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ.

ನೋಂದಣಿ ಆಯಿತೆಂದರೆ ಸರ್ಕಾರ ಒಪ್ಪಿದಂತೆ ಅಲ್ಲವೇ?

ಅಲ್ಲ. 1908ರ ನೋಂದಣಿ ಕಾಯ್ದೆ ಇರುವುದು ಪತ್ರಗಳನ್ನು ನೋಂದಾಯಿಸಲು, ಮಾಲೀಕತ್ವಕ್ಕೆ ಗ್ಯಾರಂಟಿ ಕೊಡಲು ಅಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕುವವರ ಗುರುತು, ಮುದ್ರಾಂಕ ಶುಲ್ಕ, ಅಗತ್ಯ ದಾಖಲೆಗಳನ್ನು ನೋಡುತ್ತಾರೆ. ಮಾರುವವರಿಗೆ ನಿಜವಾಗಿ ಹಕ್ಕಿದೆಯೇ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ. ತಮಿಳುನಾಡಿನ ನೋಂದಣಿ ನಿಯಮವೊಂದನ್ನು ರದ್ದು ಮಾಡುವಾಗ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು.

ಹಾಗೆಂದು ನೋಂದಣಿ ಬೇಡವೆಂದಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಪ್ರಕಾರ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಮನೆ, ನಿವೇಶನದ ಮಾರಾಟಕ್ಕೆ ನೋಂದಾಯಿತ ಕ್ರಯಪತ್ರ ಬೇಕೇ ಬೇಕು. ಆದರೆ ಮಾರಿದವರಿಗೇ ಹಕ್ಕಿಲ್ಲದಿದ್ದರೆ ಕ್ರಯಪತ್ರದಿಂದ ನಿಮಗೂ ಹಕ್ಕು ಬರುವುದಿಲ್ಲ. ಅದಕ್ಕೇ ವಕೀಲರು ಮೂಲಪತ್ರದಿಂದ ಇಂದಿನವರೆಗೆ ಆಸ್ತಿ ಯಾರಿಂದ ಯಾರಿಗೆ ಬಂತು ಎಂಬ ಸರಪಳಿಯನ್ನು ನೋಡುತ್ತಾರೆ. ನಡುವೆ ಒಂದು ಕೊಂಡಿ ಇಲ್ಲದಿದ್ದರೂ ಪ್ರಶ್ನೆ ಏಳುತ್ತದೆ.

ಖಾತಾ ಏನು ಹೇಳುತ್ತದೆ?

ಆಸ್ತಿ ತೆರಿಗೆ ಯಾರು ಕಟ್ಟಬೇಕು ಎಂದು ಹೇಳುತ್ತದೆ, ಅಷ್ಟೇ. ಖಾತಾ ಸ್ಥಳೀಯ ಸಂಸ್ಥೆಯ ತೆರಿಗೆ ದಾಖಲೆ. ಮ್ಯುಟೇಶನ್ ಆದ ಮಾತ್ರಕ್ಕೆ ಮಾಲೀಕತ್ವ ಹುಟ್ಟುವುದೂ ಇಲ್ಲ, ಹೋಗುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ.

ಬೆಂಗಳೂರಿನಲ್ಲಿ 2024ರಿಂದ ನೋಂದಣಿಗೆ ಇ-ಖಾತಾ ಕಡ್ಡಾಯವಾದ ಮೇಲೆ “ಇ-ಖಾತಾ ಇದ್ದರೆ ಆಸ್ತಿ ನೂರಕ್ಕೆ ನೂರು ಸರಿ” ಎಂಬ ಮಾತು ಹಬ್ಬಿದೆ. ಇ-ಖಾತಾದಿಂದ ನಕಲಿ ಖಾತಾ ತೋರಿಸಿ ಮಾರುವುದು ಕಷ್ಟವಾಗುತ್ತದೆ, ಅದು ಒಳ್ಳೆಯದೇ. ಆದರೆ ಕುಟುಂಬದ ಪಾಲಿನ ಜಗಳ, ಕೋರ್ಟಿನಲ್ಲಿರುವ ದಾವೆ, ಭೂ ಪರಿವರ್ತನೆ ಆಗದ ರೆವಿನ್ಯೂ ಸೈಟಿನ ಸಮಸ್ಯೆ ಅದರಿಂದ ತೀರುವುದಿಲ್ಲ.

ಇಸಿಯಲ್ಲಿ ಏನೂ ಇಲ್ಲ ಅಂದರೆ ಸಾಲವೂ ಇಲ್ಲವೇ?

ಋಣಭಾರ ಪ್ರಮಾಣಪತ್ರ, ಅಂದರೆ ಇಸಿ, ನೀವು ಕೇಳಿದ ಅವಧಿಯಲ್ಲಿ ಆ ಆಸ್ತಿಯ ಬಗ್ಗೆ ನೋಂದಣಿಯಾದ ವ್ಯವಹಾರಗಳ ಪಟ್ಟಿ. ವ್ಯವಹಾರಗಳಿದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16. ಕರ್ನಾಟಕದಲ್ಲಿ ಕಾವೇರಿ ಜಾಲತಾಣದಲ್ಲೇ ಇದಕ್ಕೆ ಅರ್ಜಿ ಹಾಕಬಹುದು.

ನೋಂದಣಿ ಆಗದ್ದು ಇದರಲ್ಲಿ ಕಾಣುವುದಿಲ್ಲ. ಮೂಲಪತ್ರಗಳನ್ನು ಕೈಸಾಲಕ್ಕೆ ಒತ್ತೆ ಇಟ್ಟಿರಬಹುದು. ವಿಲ್ ಇರಬಹುದು. ಪಾಲಿನ ದಾವೆ ನಡೆಯುತ್ತಿರಬಹುದು. ದಾವೆ ನಡೆಯುತ್ತಿರುವ ಆಸ್ತಿಯನ್ನು ಕೊಂಡವರು ಕೊನೆಗೆ ಬರುವ ತೀರ್ಪಿಗೆ ಬದ್ಧರು, “ನನಗೆ ಗೊತ್ತಿರಲಿಲ್ಲ” ಅಂದರೂ ನಡೆಯುವುದಿಲ್ಲ. ಆದ್ದರಿಂದ ಜೆರಾಕ್ಸ್ ನೋಡಿ ಮುಂಗಡ ಕೊಡಬೇಡಿ, ಅಸಲು ಪತ್ರಗಳನ್ನು ಕಣ್ಣಾರೆ ನೋಡಿ. “ಅಸಲು ಬ್ಯಾಂಕಿನಲ್ಲಿದೆ” ಎಂದರೆ ಬಾಕಿ ಎಷ್ಟು ಎಂಬ ಪತ್ರವನ್ನು ಬ್ಯಾಂಕಿನಿಂದಲೇ ಪಡೆಯಿರಿ.

ಜಿಪಿಎ, ಅಗ್ರಿಮೆಂಟ್ ಸಾಲದೇ?

“ಈಗ ಜಿಪಿಎ ಮಾಡಿಕೊಳ್ಳೋಣ, ಶುಲ್ಕ ಉಳಿಯುತ್ತದೆ, ಕ್ರಯಪತ್ರ ಆಮೇಲೆ ನೋಡೋಣ” ಎಂದು ಬ್ರೋಕರ್ ಹೇಳಿದರೆ ಎಚ್ಚರ. ಜಿಪಿಎ, ಅಗ್ರಿಮೆಂಟ್, ವಿಲ್ ಈ ಮೂರನ್ನು ಸೇರಿಸಿ ಮಾಡುವ ‘ಮಾರಾಟ’ದಿಂದ ಮಾಲೀಕತ್ವ ಬರುವುದಿಲ್ಲ ಎಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಜಿಪಿಎಗೆ ಅದರದೇ ಆದ ಸರಿಯಾದ ಉಪಯೋಗವಿದೆ. ಅಮೆರಿಕದಲ್ಲಿರುವ ಅಣ್ಣ ತನ್ನ ಪರವಾಗಿ ಕ್ರಯಪತ್ರಕ್ಕೆ ಸಹಿ ಹಾಕಲು ಊರಲ್ಲಿರುವ ತಮ್ಮನಿಗೆ ಅಧಿಕಾರ ಕೊಡಬಹುದು. ಆದರೆ ಅಧಿಕಾರ ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೂ ಮುಗಿಯುತ್ತದೆ. ಹಾಗಾಗಿ ಕೊಟ್ಟವರು ಬದುಕಿದ್ದಾರೆಯೇ, ಜಿಪಿಎ ರದ್ದಾಗಿದೆಯೇ ಎಂದು ಕೇಳಿ ತಿಳಿಯಿರಿ. ಆಗುವುದಾದರೆ ವಿಡಿಯೋ ಕಾಲ್‌ನಲ್ಲಿ ಅವರೊಂದಿಗೇ ಮಾತಾಡಿ.

ಸೇಲ್ ಅಗ್ರಿಮೆಂಟ್ ಎಂದರೆ ಮುಂದೆ ಮಾರುತ್ತೇನೆ ಎಂಬ ಕರಾರು ಮಾತ್ರ. ಎದುರಿನವರು ಮಾತು ತಪ್ಪಿದರೆ ಕ್ರಯಪತ್ರ ಮಾಡಿಸಿಕೊಡಿ ಎಂದು ಕೋರ್ಟಿಗೆ ಹೋಗಬಹುದು. ಅದಕ್ಕೂ 3 ವರ್ಷದ ಗಡುವಿದೆ. ಕರಾರಿನಲ್ಲಿ ದಿನಾಂಕ ಬರೆದಿದ್ದರೆ ಅಂದಿನಿಂದ, ಇಲ್ಲದಿದ್ದರೆ ಅವರು ನಿರಾಕರಿಸಿದ್ದು ನಿಮಗೆ ತಿಳಿದ ದಿನದಿಂದ ಲೆಕ್ಕ.

ಮದುವೆಯಾದ ಹೆಣ್ಣುಮಕ್ಕಳ ಸಹಿ ಬೇಕೇ?

ಮನೆ ಮಾರಾಟದಲ್ಲಿ ಹೆಚ್ಚು ದಾವೆಗಳಿಗೆ ದಾರಿ ಮಾಡುವ ಪ್ರಶ್ನೆಗಳಲ್ಲಿ ಇದೂ ಒಂದು. ತಂದೆ ಸ್ವಂತ ದುಡಿಮೆಯಿಂದ ಕೊಂಡ ಮನೆಯಾದರೆ ಅವರು ಬದುಕಿರುವಾಗ ಯಾರನ್ನೂ ಕೇಳದೆ ಮಾರಬಹುದು. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಾದರೆ ಹಾಗಲ್ಲ. 2005ರ ತಿದ್ದುಪಡಿಯಂತೆ ಅದರಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಅದೂ ಹುಟ್ಟಿನಿಂದಲೇ. ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರ ಅಥವಾ ಕೋರ್ಟಿನ ಡಿಕ್ರಿ ಮೂಲಕ ಪಾಲಾಗಿದ್ದರೆ ಅದು ಹಾಗೇ ಉಳಿಯುತ್ತದೆ.

“ಅಕ್ಕನಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ” ಎಂಬ ಮಾತು ಹಕ್ಕು ಬಿಡುಗಡೆ ಪತ್ರವಾಗುವುದಿಲ್ಲ. ಕೊಳ್ಳುವವರು ವಂಶವೃಕ್ಷ ನೋಡಿ, ಪಾಲಿರುವ ಎಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕುವಂತೆ ನೋಡಿಕೊಳ್ಳಬೇಕು.

12 ವರ್ಷ ಬಾಡಿಗೆಗಿದ್ದರೆ ಮನೆ ಅವರದೇ?

ಇಲ್ಲ. 12 ವರ್ಷದ ಲೆಕ್ಕ ಬಂದಿರುವುದು 1963ರ ಕಾಲಮಿತಿ ಕಾಯ್ದೆಯಿಂದ. ಮಾಲೀಕರ ಹಕ್ಕನ್ನು ಧಿಕ್ಕರಿಸಿ, ಬಹಿರಂಗವಾಗಿ, ಎಡೆಬಿಡದೆ ಸ್ವಾಧೀನದಲ್ಲಿದ್ದವರಿಗೆ ಅದು ಅನ್ವಯಿಸುತ್ತದೆ. ಬಾಡಿಗೆದಾರರು ಇರುವುದೇ ಮಾಲೀಕರ ಒಪ್ಪಿಗೆಯಿಂದ. ಎಷ್ಟು ವರ್ಷ ಇದ್ದರೂ ಅಷ್ಟರಿಂದಲೇ ಮಾಲೀಕರಾಗುವುದಿಲ್ಲ. ಈ ಫಾರ್ವರ್ಡ್ ನಂಬಿ ಒಳ್ಳೆಯ ಬಾಡಿಗೆದಾರರನ್ನು ಖಾಲಿ ಮಾಡಿಸಬೇಕಿಲ್ಲ. ಬಾಡಿಗೆ ಕರಾರು, ಬಾಡಿಗೆ ಬಂದ ಬ್ಯಾಂಕ್ ದಾಖಲೆ ಇಟ್ಟುಕೊಳ್ಳಿ.

ಮಾರುವವರಿಗೂ ಒಂದು ಮಾತು

ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಹಣವನ್ನು ನಗದಾಗಿ ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಪಡೆದವರ ಮೇಲೆ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು ಶೇ. 1ರಷ್ಟು ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟುತ್ತಾರೆ. ಅದು ಮೋಸವಲ್ಲ, ನಿಮ್ಮ ತೆರಿಗೆ ಲೆಕ್ಕಕ್ಕೇ ಜಮೆಯಾಗುತ್ತದೆ. ಮಾರುವವರು ಅನಿವಾಸಿ ಭಾರತೀಯರಾದರೆ ಈ ಶೇ. 1ರ ನಿಯಮ ಅನ್ವಯಿಸದು, ಹಿಡಿಯುವ ತೆರಿಗೆ ಹೆಚ್ಚು.

ಹಾಗಾದರೆ ಏನು ಮಾಡಬೇಕು?

ಮುಂಗಡ ಕೊಡುವ ಮುಂಚೆ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಮಾರುವವರಿಗೆ ಆಸ್ತಿ ಹೇಗೆ ಬಂತು? ಬೇರೆ ಯಾರಿಗಾದರೂ ಪಾಲಿದೆಯೇ? ಸಾಲ ಅಥವಾ ದಾವೆ ಇದೆಯೇ? ಜಾಗ ಪರಿವರ್ತನೆಯಾಗಿ, ಬಡಾವಣೆಗೂ ಕಟ್ಟಡಕ್ಕೂ ಅನುಮತಿ ಸಿಕ್ಕಿದೆಯೇ? ಮೂಲಪತ್ರಗಳ ಸರಪಳಿ, ವಂಶವೃಕ್ಷ, ಇಸಿ, ಖಾತಾ, ಅನುಮತಿ ಪತ್ರಗಳನ್ನು ಜೊತೆಗಿಟ್ಟು ನೋಡಿದಾಗಲೇ ಉತ್ತರ ಸಿಗುತ್ತದೆ. ಆ ಕೆಲಸವನ್ನು ಮಾರುವವರು ಅಥವಾ ಬ್ರೋಕರ್ ಗೊತ್ತುಮಾಡಿದ ವಕೀಲರಿಂದಲ್ಲ, ನೀವೇ ಆರಿಸಿದ ವಕೀಲರಿಂದ ಮಾಡಿಸಿ. ಮನೆಯ ಬೆಲೆಯ ಮುಂದೆ ಆ ಶುಲ್ಕ ಏನೂ ಅಲ್ಲ.