ಹೊಳಪು ನೋಡಿ ಟಾರ್ಚ್ ಕೊಳ್ಳಬೇಡಿ

ಸಂಡೂರಿನ ಅದಿರು ಲಾರಿಗಳ ಹಿಂದೆ ಕಾರು ಓಡಿಸಿದವರಿಗೆ ಆ ‘ಟಕ್’ ಸದ್ದು ಗೊತ್ತು. ಟೈರಿನಿಂದ ಸಿಡಿದ ಕಲ್ಲು ಮುಂದಿನ ಗಾಜಿಗೆ ಬಡಿದು ನಕ್ಷತ್ರದಂಥ ಬಿರುಕು ಮೂಡುತ್ತದೆ. ಬಿರುಕು ಚಿಕ್ಕದಿದ್ದರೆ ಗಾಜು ಬದಲಿಸಬೇಕಿಲ್ಲ. ರೆಸಿನ್ ಅಂಟು ತುಂಬಿ, ನೇರಳಾತೀತ ಬೆಳಕು ಬಿಟ್ಟು ಗಟ್ಟಿ ಮಾಡಬಹುದು. ರಾಷ್ಟ್ರೀಯ ಹೆದ್ದಾರಿ 50 ಮತ್ತು 67 ಎರಡೂ ಹಾದುಹೋಗುವ ಹೊಸಪೇಟೆಯಲ್ಲಿ ಇದು ಕಡಿಮೆ ಬಂಡವಾಳದ ಒಳ್ಳೆಯ ಕೆಲಸ. ಆದರೆ ಟಾರ್ಚ್ ಆಯ್ಕೆಯಲ್ಲಿ ಎಡವಿದರೆ ಕೆಲಸವೇ ಕೆಡುತ್ತದೆ.

ನಾನು ಎಡವಿದ್ದೇನೆ. ಕೆಲಸ ಹುಡುಕುತ್ತಿದ್ದ ದಿನಗಳಲ್ಲಿ ‘100 ವಾಟ್’ ಎಂದು ಬರೆದಿದ್ದ ಅಗ್ಗದ ಟಾರ್ಚ್ ಕೊಂಡೆ. ಪಕ್ಕದ ಮನೆಯವರ ಕಾರೇ ಮೊದಲ ಪ್ರಯೋಗ. ರೆಸಿನ್ ಮೇಲೆ ಗಟ್ಟಿಯಾಗಿತ್ತು, ಒಳಗೆ ಹಸಿಯಾಗಿಯೇ ಇತ್ತು. ವಾರದೊಳಗೆ ಬಿರುಕು ಗೇಣುದ್ದ ಬೆಳೆಯಿತು. ಹೊಸ ಗಾಜಿನ ಹಣವನ್ನು ನಾನೇ ಕೊಡಬೇಕಾಯಿತು.

ನೋಡಬೇಕಾದದ್ದು ವಾಟ್ ಅಲ್ಲ, ಬೆಳಕಿನ ತರಂಗಾಂತರ. ಗಾಜಿನ ರಿಪೇರಿಗೆ ಬಳಸುವ ಹೆಚ್ಚಿನ ರೆಸಿನ್‌ಗಳು 365 ನ್ಯಾನೊಮೀಟರ್ ಆಸುಪಾಸಿನ ಬೆಳಕಿಗೆ ಚೆನ್ನಾಗಿ ಗಟ್ಟಿಯಾಗುತ್ತವೆ. ಅಗ್ಗದ ಟಾರ್ಚ್‌ಗಳು ಸಾಮಾನ್ಯವಾಗಿ 395ರವು. ಅವುಗಳ ನೇರಳೆ ಹೊಳಪು ಕಣ್ಣಿಗೆ ಜೋರಾಗಿ ಕಾಣುತ್ತದೆ. 365ರದ್ದು ಮಂಕಾಗಿ ಕಾಣುತ್ತದೆ, ಯಾಕೆಂದರೆ ಅದರ ಬೆಳಕು ಬಹುಪಾಲು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಮೋಸ ಹೋಗುವುದು ಇಲ್ಲಿಯೇ. ಆದ್ದರಿಂದ ಮೊದಲು ರೆಸಿನ್ ಬಾಟಲಿಯ ಮೇಲಿನ ಸಂಖ್ಯೆ ಓದಿ, ಆಮೇಲೆ ಅದಕ್ಕೆ ಹೊಂದುವ ಟಾರ್ಚ್ ಕೊಳ್ಳಿ. ಒಡೆದ ಗಾಜಿನ ಚೂರಿನ ಮೇಲೆ ಒಂದು ಹನಿ ಹಾಕಿ, ಎಷ್ಟು ಹೊತ್ತಿಗೆ ಗಟ್ಟಿಯಾಗುತ್ತದೆಂದು ಸೂಜಿಯಿಂದ ಚುಚ್ಚಿ ನೋಡಿ. ಬ್ಯಾಟರಿ ಇಳಿದಂತೆ, ಟಾರ್ಚ್ ದೂರವಾದಂತೆ ಬೆಳಕಿನ ಬಲವೂ ಇಳಿಯುತ್ತದೆ ಎಂಬುದು ನೆನಪಿರಲಿ.

‘ನಮ್ಮೂರಲ್ಲಿ ಇಷ್ಟು ಬಿಸಿಲಿರುವಾಗ ಟಾರ್ಚ್ ಯಾಕೆ?’ ಎಂದು ಗೆಳೆಯರು ಕೇಳುತ್ತಾರೆ. ಬಿಸಿಲಿಗೂ ರೆಸಿನ್ ಗಟ್ಟಿಯಾಗುತ್ತದೆ, ನಿಜ. ಆದರೆ ಬಿರುಕಿನ ತುದಿ ಮುಟ್ಟುವ ಮೊದಲೇ ಗಟ್ಟಿಯಾದರೆ ಏನು ಪ್ರಯೋಜನ? ನೆರಳಲ್ಲಿ ತುಂಬಿಸಿ, ಗಾಳಿ ತಾಗದಂತೆ ಮೇಲೆ ಪಾರದರ್ಶಕ ಹಾಳೆ ಅಂಟಿಸಿ, ನಮಗೆ ಬೇಕಾದಾಗ ಬೆಳಕು ಬಿಡಲು ಟಾರ್ಚ್ ಬೇಕು. ಆ ಬೆಳಕನ್ನು ನೇರ ನೋಡಬಾರದು. ಅದಕ್ಕೆಂದೇ ಇರುವ ಕನ್ನಡಕದ ಹಣ ಉಳಿಸಲು ಹೋಗಬೇಡಿ.

ಕೊನೆಯ ಮಾತು: ಬಿರುಕು ಚಾಲಕನ ಕಣ್ಣಿನ ನೇರಕ್ಕಿದ್ದರೆ, ಇಲ್ಲವೇ ಗಾಜಿನ ಅಂಚು ಮುಟ್ಟಿದ್ದರೆ ‘ಗಾಜು ಬದಲಿಸಿ’ ಎಂದು ಗಿರಾಕಿಗೆ ಹೇಳಿಬಿಡಿ. ಅಂದಿನ ಕೂಲಿ ಹೋಗಬಹುದು, ನಂಬಿಕೆ ಉಳಿಯುತ್ತದೆ.