ಈಚಲ ಬನದ ನೆರಳಿನಲ್ಲಿ

ನಂಜನಗೂಡಿಗೆ ಹೋಗುವವರು ಕಪಿಲೆಯ ಸ್ನಾನವನ್ನೂ ಶ್ರೀಕಂಠೇಶ್ವರನ ದರ್ಶನವನ್ನೂ ಉದ್ದೇಶಿಸಿ ಹೋಗುತ್ತಾರೆ. ಹಿಂದಿರುಗುವಾಗ ರಸಬಾಳೆ ಸಿಕ್ಕೀತೇ ಎಂದು ವಿಚಾರಿಸುತ್ತಾರೆ. ತಿರುಮಕೂಡಲು ನರಸೀಪುರಕ್ಕೆ ಹೋಗುವವರಿಗೆ ಕಾವೇರಿ ಕಪಿಲೆಗಳ ಸಂಗಮವುಂಟು. ಹೆಂಡದಂಗಡಿಯನ್ನು ನೋಡಿಬರಲೆಂದು ಈ ಸೀಮೆಗೆ ಹೊರಟ ಯಾತ್ರಿಕನಿರಲಾರನು. ಆದರೂ ದೇವಾಲಯಕ್ಕೂ ಛತ್ರಕ್ಕೂ ಇದ್ದಂತೆ ಪಡಖಾನೆಗೂ ಇಲ್ಲಿಯ ಹಳ್ಳಿಗಳ ಬಾಳಿನಲ್ಲಿ ಒಂದು ಸ್ಥಾನವಿದ್ದಿತು. ನಂಜನ್ನೇ ಉಂಡು ಅರಗಿಸಿಕೊಂಡ ದೇವರ ಊರಲ್ಲವೆ!

ಪಡಖಾನೆಯೆಂದರೆ ಭವ್ಯ ಕಟ್ಟಡವೇನಲ್ಲ. ಊರ ಹೊರಗೆ ಸೋಗೆಯ ಛಾವಣಿ, ಮಣ್ಣಿನ ಜಗಲಿ, ಸಾಲಾಗಿಟ್ಟ ಗಡಿಗೆಗಳು. ಹೆಂಡದ ಜೊತೆಗೆ ನಂಜಿಕೊಳ್ಳಲು ಬೇಯಿಸಿದ ಕಡಲೆ, ಹೊಳೆಯ ಮೀನಿನ ಹುರುಕಲು, ಕಾರ ಹೆಚ್ಚಾದ ಬೋಟಿಗೊಜ್ಜು. ದಿನವೆಲ್ಲ ಗದ್ದೆಯ ಕೆಸರಿನಲ್ಲಿ ನಿಂತವನಿಗೆ ಕಾಲು ಚಾಚಿ ಕೂರುವ ಸ್ಥಳ ಅದೊಂದೇ. ಪೇಟೆಯ ಹೋಟೆಲಿನಲ್ಲಿ ಜಾತಿ ಕೇಳಿ ಲೋಟ ಕೊಡುತ್ತಿದ್ದ ಕಾಲವದು. ಪಡಖಾನೆಯಲ್ಲಿ ಭೇದವೇ ಇರಲಿಲ್ಲವೆಂದರೆ ಸುಳ್ಳಾದೀತು. ಆದರೆ ಅಲ್ಲಿ ಮಾತಿಗೆ ಮಡಿಯಿರಲಿಲ್ಲ.

ಹೆಂಡದ ಮೂಲ ಈಚಲು ಮರ. ಈಡಿಗನು ಸೊಂಟಕ್ಕೆ ಹಗ್ಗ ಬಿಗಿದು ಮರವೇರಿ, ಸುಳಿಯ ಕೆಳಗೆ ಕಾಂಡವನ್ನು ಹದವಾಗಿ ಕೆತ್ತಿ, ಸಂಜೆ ಗಡಿಗೆ ಕಟ್ಟುವನು. ರಾತ್ರಿಯೆಲ್ಲ ಹನಿಹನಿಯಾಗಿ ಇಳಿದ ರಸ ಬೆಳಗಿನ ಜಾವ ಸಿಹಿಯಾಗಿರುತ್ತದೆ. ಗಡಿಗೆಯ ಒಳಗೆ ಸುಣ್ಣ ಬಳಿದಿದ್ದರೆ ಅದು ನೀರಾ. ಇಲ್ಲವಾದರೆ ಬಿಸಿಲೇರುವಷ್ಟರಲ್ಲಿ ಗಾಳಿಯಲ್ಲಿನ ಹುದುಗು ಸೇರಿ ನೊರೆಗಟ್ಟುತ್ತದೆ, ಹುಳಿಯಾಗುತ್ತದೆ, ತಲೆಗೇರುತ್ತದೆ. ಒಂದೇ ಮರ, ಒಂದೇ ರಸ. ಗಂಟೆಗಳ ಅಂತರದಲ್ಲಿ ಮಗುವಿಗೂ ಕೊಡಬಹುದಾದ ಪಾನೀಯ ಮನೆ ಮುರಿಯುವ ಪಾನೀಯವಾಗುತ್ತದೆ. ಕೆತ್ತುವವನು ಒಂದು ವರ್ಷ ಮರದ ಈ ಮಗ್ಗುಲು, ಮರುವರ್ಷ ಆ ಮಗ್ಗುಲು ಕೆತ್ತುವನಾದ್ದರಿಂದ ಕಾಂಡ ಸೊಟ್ಟಸೊಟ್ಟಾಗಿ ಬೆಳೆಯುತ್ತದೆ. ಕೆತ್ತುಗಳನ್ನೆಣಿಸಿದರೆ ಆ ಮರ ಎಷ್ಟು ವರ್ಷ ದುಡಿಯಿತೆಂಬುದನ್ನು ತಿಳಿಯಬಹುದು.

ಈ ದುಡಿಮೆಯ ಫಲದಲ್ಲಿ ಈಡಿಗನ ಪಾಲು ಅಲ್ಪ. ಅಂಗಡಿಗಳು ಹರಾಜಾಗುತ್ತಿದ್ದುವು, ಗುತ್ತಿಗೆದಾರನು ಬೆಳೆದನು, ಅಬಕಾರಿಯು ಮೈಸೂರು ಸಂಸ್ಥಾನದ ಪ್ರಮುಖ ಆದಾಯಗಳಲ್ಲೊಂದಾಯಿತು. ಬೊಕ್ಕಸ ತುಂಬಿಸಿದ ಹಣ ಯಾರ ಮನೆಯ ರಾಗಿಯ ಮಡಕೆಯಿಂದ ಬಂದಿತೆಂಬುದನ್ನು ಹೆಂಗಸರು ಮಾತ್ರ ಬಲ್ಲರು.

ಜಿ. ಪಿ. ರಾಜರತ್ನಂ ಅವರ ಯೆಂಡ್ಕುಡ್ಕ ರತ್ನ 1930ರ ದಶಕದಲ್ಲಿ ಕನ್ನಡ ಕಾವ್ಯದೊಳಕ್ಕೆ ಕಾಲಿಟ್ಟದ್ದು ಇಂತಹ ಲೋಕದಿಂದ. ಅವನ ಮಡದಿಯ ಹೆಸರು ಪುಟ್ನಂಜಿ. ನಂಜುಂಡನ ಹೆಸರನ್ನು ಹೊತ್ತ ಹೆಣ್ಣುಗಳಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಆದರೆ ಎಲ್ಲ ನಂಜಿಯರ ಗಂಡಂದಿರೂ ರತ್ನನಷ್ಟು ರಸಿಕರಾಗಿರಲಿಲ್ಲ.

ಗಾಂಧೀಜಿಯವರ ಚಳವಳಿಯ ದಿನಗಳಲ್ಲಿ ಈಚಲು ಮರವೇ ಅಪರಾಧಿಯಾಯಿತು. ನಂಜನಗೂಡು ತಾಲ್ಲೂಕಿನ ತಗಡೂರು, ಬದನವಾಳುಗಳಲ್ಲಿ ಚರಕದ ಸದ್ದು ಎದ್ದಿತು. ದೂರದ ಚಿತ್ರದುರ್ಗದ ತುರುವನೂರಿನಲ್ಲಿ 1939ರಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನೇ ಕಡಿದುರುಳಿಸಿದರು. ಸ್ವಾತಂತ್ರ್ಯಾನಂತರ ಪಾನನಿರೋಧ ಬಂದಿತು. ಅದರ ಬೆನ್ನಿಗೇ ಕಳ್ಳಭಟ್ಟಿಯೂ ಬಂದಿತು. ಕೊನೆಗೆ 1967ರಲ್ಲಿ ಆ ನಿರ್ಬಂಧ ಸಡಿಲಿದಾಗ ಮುಖ್ಯಮಂತ್ರಿಯಾಗಿದ್ದವರು ಅದೇ ನಿಜಲಿಂಗಪ್ಪನವರು! ರಾಜ್ಯಭಾರದ ಲೆಕ್ಕವೇ ಬೇರೆ.

ಮುಂದೆ 2004ರಲ್ಲಿ ಕರಾವಳಿಯ ಎರಡು ಜಿಲ್ಲೆಗಳ ಹೊರತು ಉಳಿದೆಡೆ ಸೇಂದಿ ಇಳಿಸುವುದು ನಿಂತಿತು. 2007ರ ಜುಲೈ 1ರಿಂದ ಸಾರಾಯಿಯೂ ಹೋಯಿತು. ಸೀಸೆಯ ಮದ್ಯವೊಂದು ಮಾತ್ರ ಹೋಗಲಿಲ್ಲ. ಕೂಲಿಯವನು ಈಗ ಹೆಚ್ಚು ಹಣ ತೆತ್ತು ಹೆಚ್ಚು ಉರಿಯುವುದನ್ನು ಕೊಳ್ಳುತ್ತಾನೆ. ಪಡಖಾನೆ ಮುಚ್ಚಿದುದಕ್ಕೆ ಅತ್ತವರು ಕಡಿಮೆ, ಅಳಬೇಕಾಗಿಯೂ ಇಲ್ಲ. ಆದರೆ ಮರ ಹತ್ತುವುದೊಂದನ್ನೇ ಕಲಿತಿದ್ದ ಈಡಿಗನಿಗೆ ನೆಲದ ಮೇಲೆ ಏನು ಕೆಲಸವೆಂದು ಯಾವ ಆಜ್ಞೆಯೂ ತಿಳಿಸಲಿಲ್ಲ.

ಹಳ್ಳದ ದಂಡೆಗಳಲ್ಲಿ ಅಲ್ಲೊಂದು ಇಲ್ಲೊಂದು ಸೊಟ್ಟ ಕಾಂಡದ ಈಚಲು ಇನ್ನೂ ನಿಂತಿದೆ. ಹಳೆಯ ಕೆತ್ತುಗಳು ಕಪ್ಪಾಗಿ ಗಟ್ಟಿಯಾಗಿವೆ. ಅದರ ಗರಿಯನ್ನು ಈಗ ಪೊರಕೆ ಕಟ್ಟುವವರು ಕೊಯ್ಯುತ್ತಾರೆ.